ಟವೆಲ್ಲಿನ ಮೂರು ಗಂಟು

ಪಾಲಹಳ್ಳಿ ಕಡೆಯ ರೈತರಿಗೂ ಆಲೆಮನೆಗಳಿಗೂ ನಡುವೆ ಕಬ್ಬಿನ ಮಾತು ಕುದುರಿಸುತ್ತಿದ್ದ ದಲ್ಲಾಳಿಯೊಬ್ಬರಿದ್ದರು. ಮಾತಿಗೆ ಕೂತರೆ ಟವೆಲ್ಲಿನ ಅಂಚಿಗೆ ಮೂರು ಗಂಟು ಹಾಕುತ್ತಿದ್ದರು: ದರಕ್ಕೊಂದು, ಕಡಿಯುವ ದಿನಕ್ಕೊಂದು, ದನಕ್ಕೆ ಮೇವಾಗುವ, ಕಬ್ಬಿನ ತುದಿಯ ಹಸಿ ಸೋಗೆಗೊಂದು. ದರ ಒಪ್ಪಿಗೆಯಾದರೂ ಅದರ ಗಂಟು ಬಿಚ್ಚುತ್ತಿರಲಿಲ್ಲ. "ತಡ್ಕಳ್ಲಾ, ಒಂದು ಅಲ್ಲಾಡುದ್ರೆ ಮೂರೂ ಅಲ್ಲಾಡ್ತವೆ" ಎನ್ನುತ್ತಿದ್ದರು. ಬಿಚ್ಚಿದರೆ ಮೂರನ್ನೂ ಒಟ್ಟಿಗೇ.

ಒಮ್ಮೆ ನಾನು ಊರಿಗೆ ಹೊಸ ಆ್ಯಪ್ ತಂದೆ. ರೈತರ ಪರ ಒಂದು ಸಾಫ್ಟ್‌ವೇರು, ಆಲೆಮನೆಯ ಪರ ಇನ್ನೊಂದು, ಚೌಕಾಸಿಯೆಲ್ಲ ಅವೆರಡರದೇ. ಎರಡು ಎಮ್ಮೆ ಸಾಕಿದ್ದ ಪಕ್ಕದ ಮನೆ ಅಕ್ಕನ ಕಬ್ಬಿಗೆ ಅವು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒಳ್ಳೆಯ ದರ ಗೊತ್ತುಮಾಡಿದವು. ಬದಲಿಗೆ ದಿನವನ್ನು ಆಲೆಮನೆಯ ಇಷ್ಟಕ್ಕೆ ಬಿಟ್ಟುಕೊಟ್ಟವು.

ದಲ್ಲಾಳಿ ಅಭ್ಯಾಸಬಲದಿಂದ ಗಂಟು ಹಾಕುತ್ತಲೇ ನನ್ನ ಫೋನು ನೋಡಿದರು. "ಆಲೆಮನೆಯೋರು ಹೇಳ್ದ ದಿನ ಕಡಿಯಕ್ಕೆ ಬರೋರು ಬ್ಯಾರೆ ಊರ ಆಳ್ಗಳು. ಸೋಗೆನೂ ತಕೊಂಡೋಯ್ತಾರೆ. ಅದುನ್ನ ಕೇಳುದ್ವಾ ನಿನ್ನವು?"

ಸೋಗೆಯ ವಿಷಯವನ್ನು ನಾನು ಆ್ಯಪಿಗೆ ಹೇಳಿಯೇ ಇರಲಿಲ್ಲ. "ಒಪ್ಪಂದ ಆಗೋಯ್ತು ಕಣಣ್ಣ, ಇನ್ನು ಬದ್ಲಾಯ್ಸಕ್ಕಾಗಲ್ಲ" ಎಂದೆ.

ಕಟಾವಿನ ದಿನ ಆಳುಗಳು ಸೋಗೆಯನ್ನೂ ಹೇರಿಕೊಂಡು ಹೋದರು. "ದರ ಚೆನ್ನಾಗಿ ಸಿಕ್ತು ಬುಡಪ್ಪ" ಎಂದಳು ಅಕ್ಕ, ಬರಿ ಗದ್ದೆ ನೋಡುತ್ತ.

ಮಾರನೆಯ ಬೆಳಿಗ್ಗೆ ದಲ್ಲಾಳಿ ತಮ್ಮ ಗದ್ದೆಯ ಸೋಗೆ ಹೊರೆಯನ್ನು ಅವಳ ಕೊಟ್ಟಿಗೆಯ ಮುಂದೆ ಇಳಿಸಿದರು. ಆಮೇಲೆ ಟವೆಲ್ಲಿನ ಮೂರೂ ಗಂಟು ಬಿಚ್ಚಿ ಮುಖ ಒರೆಸಿಕೊಂಡರು.