ತುಟಿಗೆ ತಾಗದ ಪಂಪು

ನಮ್ಮತ್ತೆ ನೀರು ಕುಡಿಯುವುದನ್ನು ನೋಡಬೇಕಿತ್ತು. ಲೋಟವನ್ನು ಗೇಣೆತ್ತರಕ್ಕೆ ಎತ್ತಿ, ತಲೆ ಹಿಂದಕ್ಕೆ ಬಾಗಿಸಿ, ಒಂದು ಹನಿಯೂ ಚೆಲ್ಲದಂತೆ ಬಾಯಿಗೆ ಸುರಿದುಕೊಳ್ಳುತ್ತಿದ್ದರು. ತುಟಿಗೆ ತಾಗಿತೋ, ಲೋಟ ಎಂಜಲು. ಶೃಂಗೇರಿಯ ಆ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ನಾನು ಹಾಗೆ ಕುಡಿಯಲು ಹೋಗಿ, ಸೀರೆಯೆಲ್ಲ ನೆನೆಸಿಕೊಂಡು ನಗೆಪಾಟಲಾಗಿದ್ದೆ.

ನಮ್ಮ ಕಡೆ ಆಗಷ್ಟೇ ಮೊಬೈಲು ಕಾಣಿಸಿಕೊಳ್ಳುತ್ತಿದ್ದ ಕಾಲ. ನನ್ನ ಮಗಳಿಗೆ ಕೆಲವು ತಿಂಗಳು. ಅತ್ತೆಗೆ ಹಿಡಿದ ಕೆಮ್ಮು ಬಿಡಲೇ ಇಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಸುಂಯ್‌ಗುಡುತ್ತಿತ್ತು. ಕೊಪ್ಪದ ಡಾಕ್ಟರು ಆಸ್ತಮಾ ಎಂದು ಇನ್‌ಹೇಲರ್ ಪಂಪು ಕೊಟ್ಟರು. ಗುಣ ಕಾಣಲಿಲ್ಲ. ಪಂಪಿಗೂ ಬಗ್ಗದಿದ್ದರೆ ಬೇರೇನೋ ಇರಬಹುದೆಂದು ಕಫ ಪರೀಕ್ಷೆ ಮಾಡಿಸಿದರು. ಅಷ್ಟೇ ಸಾಕಾಯಿತು. ಅತ್ತೆಯ ಅಕ್ಕ ಕ್ಷಯದಲ್ಲಿ ತೀರಿಕೊಂಡವರು. ಅಂದಿನಿಂದ ಅತ್ತೆ ಮಗುವನ್ನು ಮುಟ್ಟುವುದನ್ನೇ ಬಿಟ್ಟರು. ಕಫದಲ್ಲಿ ಏನೂ ಸಿಗಲಿಲ್ಲವೆಂದು ಗೊತ್ತಾದರೂ ನಂಬಲಿಲ್ಲ.

“ಏನೂ ಇಲ್ದಿದ್ರೆ ಕೆಮ್ಮು ಎಂತಕ್ಕೆ ಬರ್ತದೆ ಮಾರಾಯ್ತಿ?” ಎನ್ನುತ್ತಿದ್ದರು.

ಬಾಗಿಲಾಚೆ ನಿಂತು ಚಪ್ಪಾಳೆ ತಟ್ಟಿ ಮಗುವನ್ನು ಆಡಿಸುತ್ತಿದ್ದರು. ಅದು ಕೈ ಚಾಚಿದರೆ ಸರಕ್ಕನೆ ಒಳಗೆ ಹೋಗಿಬಿಡುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟಿಗಿಂತ ಹೆಚ್ಚಾಗಿ ಅಳು ಬರುತ್ತಿತ್ತು.

ಮಗುವನ್ನೂ ಎತ್ತಿಕೊಂಡು ಮತ್ತೆ ಕೊಪ್ಪಕ್ಕೆ ಹೋದೆವು. ಬಸ್ಸಿನಲ್ಲೂ ಅತ್ತೆ ನಮ್ಮಿಂದ ದೂರ, ಬಾಯಿಗೆ ಸೆರಗು ಹಿಡಿದು ಕೂತರು. ಡಾಕ್ಟರು ಶಿವಮೊಗ್ಗದ ದೊಡ್ಡ ಡಾಕ್ಟರಿಗೆ ಚೀಟಿ ಬರೆಯಲು ಪೆನ್ನು ತೆಗೆದವರು, ಏನನ್ನಿಸಿತೋ, ನಿಲ್ಲಿಸಿದರು.

“ಅಮ್ಮ, ಪಂಪು ಹೆಂಗೆ ತಗೊಳ್ತೀರಿ? ಒಂದ್ಸಲ ತೋರ್ಸಿ ನೋಡುವ.”

ಅತ್ತೆ ತಲೆ ಹಿಂದಕ್ಕೆ ಬಾಗಿಸಿ, ಪಂಪನ್ನು ಗೇಣೆತ್ತರದಲ್ಲಿ ಹಿಡಿದು ಒತ್ತಿದರು. ಔಷಧಿಯೆಲ್ಲ ಮೂಗಿಗೂ ಕನ್ನಡಕಕ್ಕೂ ಬಿತ್ತು.

“ಬಾಯೊಳಗೆ ಇಟ್ಕೊಳ್ಳಲ್ವಾ?”

“ಎಂಜಲಾಗ್ತದಲ್ಲ! ನೀವು ತೋರ್ಸಿದ್ದೂ ಹಿಂಗೇ, ಮೇಲಿಂದ.”

ಅದೂ ನಿಜವೇ. ಇನ್ನೊಬ್ಬರ ಪಂಪನ್ನು ಡಾಕ್ಟರು ತಮ್ಮ ಬಾಯಿಗೆ ಹೇಗೆ ಇಟ್ಟಾರು? ಗಾಳಿಯಲ್ಲೇ ಹಿಡಿದು ತೋರಿಸಿದ್ದರು. ಡಾಕ್ಟರು ಮೊದಲು ನಕ್ಕರು. ಆಮೇಲೆ ಅವರ ಮುಖ ಸಣ್ಣದಾಯಿತು.

“ತಪ್ಪು ನಂದೇ ಅಮ್ಮ. ಔಷಧಿ ಒಳಗೇ ಹೋಗಿಲ್ಲ. ನಾನು ಕಾಯಿಲೆನೇ ಬೇರೆ ಅಂದ್ಕೊಂಡೆ.”

ಉಸಿರಿನ ಬಲ ಅಳೆಯುವ, ಮುಳ್ಳಿದ್ದ ಒಂದು ಪ್ಲಾಸ್ಟಿಕ್ ಕೊಳವೆ ತಂದು ಜೋರಾಗಿ ಊದಿಸಿದರು. ಮುಳ್ಳು ಅಲ್ಲಾಡಿತು ಅಷ್ಟೇ. ಆಮೇಲೆ ಪಂಪನ್ನು ತುಟಿಗಳ ನಡುವೆ ಇಡಿಸಿದರು. ಅತ್ತೆ ಕಣ್ಣು ಮುಚ್ಚಿ, ಕಷಾಯ ನುಂಗುವವರ ಮುಖ ಮಾಡಿ ಎಳೆದುಕೊಂಡರು. ಹೊರಗಿನ ಬೆಂಚಿನಲ್ಲಿ ಸ್ವಲ್ಪ ಹೊತ್ತು ಕೂರಿಸಿ ಮತ್ತೆ ಊದಿಸಿದಾಗ ಮುಳ್ಳು ಚೆನ್ನಾಗಿ ಮೇಲೇರಿತು. ಎದೆಯ ಸುಂಯ್ ಸದ್ದೂ ಇಳಿದಿತ್ತು.

“ಆಸ್ತಮಾನೇ ಅಮ್ಮ. ಕಫದಲ್ಲೂ ಎಂತ ಇಲ್ಲ. ಕ್ಷಯ ಅಲ್ಲ ಇದು.”

ಎಷ್ಟು ದಿನ ಔಷಧಿ, ಏನು ಪಥ್ಯ, ಅತ್ತೆ ಏನೂ ಕೇಳಲಿಲ್ಲ.

“ಹಂಗಾರೆ ಮಗೂನ ಎತ್ಕೊಳ್ಬೌದಾ?”

“ಈಗ್ಲೇ ಎತ್ಕೊಳ್ಳಿ.”

ಅತ್ತೆ ಕೈ ಚಾಚಿದರು. ಇಷ್ಟು ದಿನ ಬಾಗಿಲಾಚೆಯಿಂದಷ್ಟೇ ಕಂಡ ಅಜ್ಜಿಯ ಕೈ ಮಗುವಿಗೆ ಹೊಸತು. ನನ್ನ ಹೆಗಲಿಗೆ ಮುಖ ಒತ್ತಿ ಕಿರುಚಿತು. ನಾನು ಸಮಾಧಾನ ಮಾಡಲು ಹೊರಟೆ. ಅತ್ತೆ ಬಿಡಲಿಲ್ಲ, ಕಸಿದುಕೊಂಡಂತೆ ಎತ್ತಿಕೊಂಡರು.

“ಅಳ್ಲಿ ಬಿಡು ಮಾರಾಯ್ತಿ. ನನ್ನ ಹತ್ರಾನೇ ಅಳ್ಲಿ.”