ತಿಮ್ಮರಾಯಪ್ಪನವರ ಕಿರುಬೆರಳು

ಜರಗನಹಳ್ಳಿಯ ನಮ್ಮ ಮನೆ ಓನರ್ ತಿಮ್ಮರಾಯಪ್ಪನವರಿಗೆ ಮೂರು ಅಂತಸ್ತಿನ ಬಾಡಿಗೆ ಕಟ್ಟಡವಿದೆ. ಆದರೂ ಕೆಳಗಿನ ಪಾರ್ಕಿಂಗ್ ಜಾಗದಲ್ಲಿ ಗೌರಿ ಎಂಬ ಹಸು ಕಟ್ಟಿದ್ದಾರೆ. ನನ್ನ ಸ್ಕೂಟರ್ ಮಾತ್ರ ರಸ್ತೆಯಲ್ಲಿ. ಎಂಟು ವರ್ಷದಿಂದ ನನಗೆ ಈ ಸಿಟ್ಟಿದೆ.

ಹಾಲು ಕರೆದಾದ ಮೇಲೆ ಅವರಿಗೆ ಇನ್ನೊಂದೇ ಕೆಲಸ: ಕಾಂಪೌಂಡ್ ಗೋಡೆಗೆ ಬಲ ಮೊಣಕೈ ಊರಿ, ಯಾವ ಮನೆಗೆ ಯಾರು ಬಂದರು, ಯಾವಾಗ ಹೋದರು ಎಂದು ನೋಡುವುದು. ಗಂಟೆಗಟ್ಟಲೆ. ಕಳೆದ ವರ್ಷ ಕಿರುಬೆರಳು ಜೋಮು ಹಿಡಿಯಿತು. ಯಾರದೋ ಕಣ್ಣು ಬಿದ್ದಿದೆ ಎಂದು ನಿವಾಳಿಸಿಕೊಂಡರು. ಆ ಯಾರೋ ನಾನೇ ಎಂಬ ಗುಮಾನಿಯೂ ಅವರಿಗಿತ್ತು.

ಬರಬರುತ್ತಾ ಮುಷ್ಟಿಯೇ ಬಿಗಿಯಲಾಗಲಿಲ್ಲ. ಹಾಲು ಇಳಿಯಬೇಕಾದರೆ ಕೊನೆಗೆ ಕಿರುಬೆರಳಿನಿಂದಲೂ ಹಿಂಡಲೇಬೇಕು. ಗೌರಿಯೋ ಹೊರಗಿನವರು ಕೂತರೆ ಒದೆಯುತ್ತಿದ್ದಳು. ಅವರ ಹೆಂಡತಿ ಮಂಗಮ್ಮನವರೇ ಮಂಡಿನೋವಲ್ಲಿ ಕುಕ್ಕರಿಸಿ ಕರೆಯಬೇಕಾಯಿತು.

"ದೀಪಾವಳಿವರ್ಗೂ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಮುನಿಯಣ್ಣಂಗೆ ಕೊಟ್ಬಿಡ್ತೀನಿ" ಎಂದರು ಮಂಗಮ್ಮ. ಮುನಿಯಣ್ಣ ಹಸು ವ್ಯಾಪಾರಿ. ಮುದುಕ ತಿಮ್ಮರಾಯಪ್ಪನವರ ಮುಖ ನೋಡಲಾಗಲಿಲ್ಲ. ಸಿಟ್ಟು ಬದಿಗಿಟ್ಟು ನಾನೇ ಜಯನಗರಕ್ಕೆ ಡಾಕ್ಟರ್ ಸುಶ್ರುತ ಅವರ ಹತ್ತಿರ ಕರೆದುಕೊಂಡು ಹೋದೆ.

ನಾನು ಗೋಡೆಯ ವಿಷಯ ಹೇಳಿದೆ. ಡಾಕ್ಟರ್ ಮೊಣಕೈ ಒತ್ತಿ ನೋಡಿದರು. "ನರ ಇಲ್ಲಿ ಅಮುಕ್ಕೊಂಡಿದೆ. ಮೊದ್ಲು ಆ ಗೋಡೆ ಬಿಡಿ." ನನಗೆ ನಗು ತಡೆಯಲಾಗಲಿಲ್ಲ.

"ಆಪರೇಷನ್‌ನಲ್ಲಿ ನರ ಬಿಡಿಸಿದ್ಮೇಲೆ, ಅದಕ್ಕೆ ಸಣ್ಣ ತಂತಿ ಇಟ್ಟು ಹತ್ತು ನಿಮಿಷ ತೀರಾ ಕಮ್ಮಿ ಕರೆಂಟ್ ಕೊಡ್ತೀವಿ. ನರ ಬೇಗ ಚೇತರಿಸ್ಕೊಳ್ಳೋಕೆ ಸಹಾಯ ಆಗ್ಬೋದು. ಗ್ಯಾರಂಟಿ ಹೇಳಲ್ಲ."

"ಬೋರ್‌ವೆಲ್ ಮೋಟ್ರು ಒಂದ್ಸಲ ಹೊಡೆದಿದೆ ಸಾರ್. ಸಾಕು" ಎಂದು ತಿಮ್ಮರಾಯಪ್ಪ ಎದ್ದೇಬಿಟ್ಟರು. ಬಾಗಿಲ ಹತ್ತಿರ ಹೋಗಿ ನಿಂತರು. "ಹಾಲು ಕರೀಬೋದಾ?"

"ಆಗ್ಬೋದು."

"ಹಂಗಾದ್ರೆ ಕೊಡಿ ಕರೆಂಟು."

ಆಪರೇಷನ್ ಆಗಿ ನಾಲ್ಕು ತಿಂಗಳು ಏನೂ ಕಾಣಲಿಲ್ಲ. ಮುದುಕರು ಸ್ಪಂಜಿನ ಚೆಂಡು ಹಿಸುಕುತ್ತಾ ಮನೆಯೊಳಗೇ ಕೂತರು. ಗೋಡೆ ಖಾಲಿಯಿದ್ದದ್ದು ನೋಡಿ ನನಗೇ ಸಂಕಟವಾಯಿತು. ಆರನೇ ತಿಂಗಳಲ್ಲಿ ಕಿರುಬೆರಳು ಮಡಚತೊಡಗಿತು.

ದೀಪಾವಳಿಯ ಮಾರನೇ ದಿನ ಬೆಳಗ್ಗೆ, ಆಗಿದ್ದ ಮಾತಿನಂತೆ, ಮುನಿಯಣ್ಣನ ಟೆಂಪೊ ಗೇಟಿಗೆ ಬಂತು. ತಿಮ್ಮರಾಯಪ್ಪ ಅದನ್ನು ನೋಡಿಯೂ ನೋಡದವರಂತೆ ಬಕೆಟ್ ಹಿಡಿದು ಗೌರಿಯ ಪಕ್ಕ ಕೂತರು. ಮೊದಲು ಒಂದೆರಡು ಹನಿ. ಆಮೇಲೆ ಸರ್ರನೆ ಧಾರೆ. ಬಕೆಟ್ಟಿನಲ್ಲಿ ನೊರೆ ಏರಿತು.

"ಕೆಚ್ಚಲು ಬಿಸಿ ಐತೆ ಕಣೇ ಮಂಗಿ" ಎಂದರು ಅವರು, ತಲೆಯೆತ್ತದೆ. "ಕಿರುಬೆರಳಿಗೂ ಗೊತ್ತಾಯ್ತಾ ಐತೆ."

ಮಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಗೇಟಿಗೆ ಹೋದರು. "ಕಾಫಿ ಕುಡ್ಕೊಂಡ್ ಹೋಗಪ್ಪ ಮುನಿಯಣ್ಣ. ನಮ್ಮ ಹಸು ಎಲ್ಲಿಗೂ ಬರಲ್ಲ."