ಬೇಟೆಯಲ್ಲಿ ಬಿಟ್ಟ ದಾರಿ

ಬಿಡದಿ ದಾಟಿ ರಾಮನಗರದ ಕಡೆ ಬರುವಾಗ ರಸ್ತೆ ಬದಿಯಲ್ಲಿ ಬೆತ್ತದ ಕುರ್ಚಿ, ಉಯ್ಯಾಲೆ ಮಾಡಿ ಮಾರುವವರ ಟಾರ್ಪಾಲಿನ ಅಂಗಡಿಗಳಿವೆ. ಮೊನ್ನೆ ಬಸ್ಸು ಕೆಟ್ಟು ಅಲ್ಲೇ ನಿಂತಿತು. ಒಬ್ಬ ಬೆತ್ತವನ್ನು ಬೆಂಕಿಯ ಮೇಲೆ ಆಡಿಸುತ್ತ ಬಗ್ಗಿಸುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬಸ್ಸಿಳಿದುಬಿಟ್ಟೆ. ಸುಟ್ಟ ಹುಲ್ಲಿನದೂ ಅಲ್ಲ, ಬೆಂದ ಕಬ್ಬಿನದೂ ಅಲ್ಲ, ಎರಡರ ನಡುವಿನ ಒಂದು ಸಿಹಿ ಕಮಟು. ಮಂಡಿ ನೋವು, ಬಿಪಿ ಮಾತ್ರೆ ಎಲ್ಲ ಮರೆತು ನಾನು ಉಯ್ಯಂಬಳ್ಳಿ ಕಡೆಯ ನಮ್ಮ ಹಳೇ ಮನೆಯ ಹಿತ್ತಲಲ್ಲಿ, ಕೆಂಪತ್ತೆಯ ಕೆಂಡದ ಬಾಂಡಲಿ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದೆ.

ಕೆಂಪತ್ತೆ ನನ್ನಪ್ಪನ ತಂಗಿ. ಸೋಲೂರು ಕಡೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ತಂದು ಮನೆಯಲ್ಲಿಟ್ಟುಕೊಂಡ ಮೇಲೆ ಸೀರೆಗಂಟು ಹಿಡಿದು ತವರಿಗೆ ವಾಪಸು ಬಂದಳು. ತಪ್ಪು ಅವನದು, ತಲೆ ತಗ್ಗಿಸಬೇಕಾದ್ದು ನಾವು. ನಮ್ಮೂರಿನ ನ್ಯಾಯವೇ ಹಾಗಿತ್ತು. ಯಾರ ಬಾಯಿಗೂ ಅವಳು ಬೀಳಬಾರದೆಂದು ತಾತ ಅವಳನ್ನು ಹೊಲಕ್ಕೂ ಕಳಿಸಲಿಲ್ಲ, ಸಂತೆಗೂ ಕಳಿಸಲಿಲ್ಲ. ಮುಂಬಾಗಿಲ ಜಗಲಿಯಲ್ಲಿ ಅವನೇ ಕೂತಿರುತ್ತಿದ್ದ. ಹಿತ್ತಲ ಗೋಡೆಯ ಬಾಗಿಲಿಗೆ ಬೀಗ, ಬೀಗದ ಕೈ ಅವನ ಉಡಿದಾರದಲ್ಲಿ. ಹೊಡೆದವನಲ್ಲ, ಬೈದವನಲ್ಲ. "ಕೆಂಪಿ ಉಂಡ್ಲಾ?" ಎಂದು ಕೇಳದೆ ಮುದ್ದೆ ಮುರಿದವನೂ ಅಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ. ಅಷ್ಟು ಪ್ರೀತಿಸುವವನ ಮೇಲೆ ಜಗಳ ಕಾಯುವುದಾದರೂ ಹೇಗೆ? ಬೆಳಗಿನಿಂದ ಸಂಜೆವರೆಗೆ ಅದೇ ಅಂಗಳ, ಅದೇ ನುಗ್ಗೆಮರ, ಗೋಡೆಯಾಚೆ ಹೋಗುವ ಬಸ್ಸಿನ ಹಾರನ್ನು. ಅದು ಕೇಳಿದಾಗಲೆಲ್ಲ ಅವಳ ಕೈ ಒಂದು ಗಳಿಗೆ ನಿಲ್ಲುತ್ತಿತ್ತು.

ತಾತನ ಬಿಲ್ಲು ತಡಸಲು ಮರದ್ದು. ಸೀಳಿದ ಮರವನ್ನು ಅಡುಗೆಮನೆಯ ಅಟ್ಟದ ಹೊಗೆಯಲ್ಲಿ ಒಣಗಿಸಿ, ಕೆತ್ತಿ, ಹರಳೆಣ್ಣೆ ತಿಕ್ಕಿ ತಿಕ್ಕಿ ಬಗ್ಗಿಸಿದ್ದು. ಕಟ್ಟಿದ ಹಗ್ಗ ಕತ್ತಾಳೆ ನಾರಿನದು. ಹೆಂಗಸರು ಅದನ್ನು ಮುಟ್ಟುವಂತಿಲ್ಲ, ದಾಟುವಂತಿಲ್ಲ. ಬೆತ್ತದ ಬಾಣ ಮಾಡುವುದು ಮಾತ್ರ ಕೆಂಪತ್ತೆಯೇ ಆಗಬೇಕು! ಬೇಕಾದಾಗ ಮಡಿ, ಬೇಡವಾದಾಗ ಮೈಲಿಗೆ. ಅವಳು ಬೆತ್ತವನ್ನು ಕೆಂಡದ ಮೇಲೆ ಹೊರಳಿಸಿ ಕಾಯಿಸಿ, ಒದ್ದೆ ಬಟ್ಟೆ ಹಿಡಿದು ಅಂಗೈಯಲ್ಲಿ ಒತ್ತಿ, ಎಡಗಣ್ಣು ಮುಚ್ಚಿ, ಬಲಗಣ್ಣಿನ ಮುಂದೆ ಉದ್ದಕ್ಕೆ ಹಿಡಿದು ನೋಡುತ್ತಿದ್ದಳು. "ಇನ್ನೂ ಒಸಿ ವಾಲೈತೆ" ಎಂದು ತನಗೆ ತಾನೇ ಗೊಣಗಿ ಮತ್ತೆ ಕಾಯಿಸುತ್ತಿದ್ದಳು. ಆಮೇಲೆ ಅರಗು ಕರಗಿಸಿ ಗರಿ ಕೂರಿಸುವುದು ನಮ್ಮಿಬ್ಬರ ಕೆಲಸ. ಅವಳು ಮಾಡಿದ ಬಾಣಗಳು ಬೆಟ್ಟ ಹತ್ತಿ ಹೋಗುತ್ತಿದ್ದವು, ಅವಳು ಹಿತ್ತಲಲ್ಲೇ ಉಳಿಯುತ್ತಿದ್ದಳು.

ಬೇಟೆ ವರ್ಸತೊಡಕಿಗೆ, ಅಂದರೆ ಯುಗಾದಿಯ ಮಾರನೇ ದಿನ. ಆವತ್ತು ಹೇಗಿರುತ್ತೇವೋ ವರ್ಷವಿಡೀ ಹಾಗೇ ಎಂಬ ನಂಬಿಕೆ ನಮ್ಮ ಕಡೆ ಇವತ್ತಿಗೂ ಇದೆ. ಅರಣ್ಯ ಇಲಾಖೆಯವರ ಕಣ್ಣು ಆಗಿನ್ನೂ ನಮ್ಮ ಬೆಟ್ಟದ ಮೇಲೆ ಅಷ್ಟಾಗಿ ಬಿದ್ದಿರಲಿಲ್ಲ. ತಮಟೆ ಬಡಿದು ಪೊದೆಗಳನ್ನು ಸುತ್ತುವರಿಯುವಾಗ ತಾತ ಒಂದು ಕಡೆ ಜನ ನಿಲ್ಲಿಸುತ್ತಿರಲಿಲ್ಲ. "ಮೂರು ಕಡೆ ಕಟ್ಟು, ಒಂದು ಕಡೆ ಬುಡು. ಬುಟ್ಟ ದಾರೀಲಿ ಓಗಿದ್ದು ನಮ್ದಲ್ಲ ಕಣ್ಲಾ, ಅದ್ರ ಬೆನ್ನತ್ತಬಾರ್ದು" ಎಂದು ಹುಡುಗರಿಗೆ ಪ್ರತಿವರ್ಷ ಹೇಳುತ್ತಿದ್ದ. ಆ ನೇಮ ತಪ್ಪಿದವನನ್ನು ಮರುವರ್ಷ ಬೇಟೆಗೆ ಸೇರಿಸುತ್ತಿರಲಿಲ್ಲ.

ಒಂದು ವರ್ಷ ಯುಗಾದಿಯ ಸಂಜೆ ಕೆಂಪತ್ತೆ ಬಾಣದ ಕಟ್ಟನ್ನು ತಾತನ ಮುಂದಿಟ್ಟು, ಎದ್ದುಹೋಗದೆ ಅಲ್ಲೇ ನಿಂತಳು.

"ಅಪ್ಪ, ನಾಳೀಕೂ ನಾನು ಬೀಗದೊಳಗೇ ಇದ್ರೆ ಇನ್ನೊಂದ್ ವರ್ಸ ಇಂಗೇಯಾ. ಕಾಡಂದಿಗೂ ಒಂದು ಕಡೆ ದಾರಿ ಬುಡ್ತೀಯ. ನಾನು ಅಂದಿಗಿಂತ ಕಡೆ ಆಗೋದ್ನಾ?"

ಒಳಗೆ ಅವ್ವ ಒಬ್ಬಟ್ಟಿನ ಹೂರಣ ರುಬ್ಬುವುದನ್ನು ನಿಲ್ಲಿಸಿದಳು. ತಾತ ಒಂದೊಂದೇ ಬಾಣವನ್ನು ಕಣ್ಣಿಗೆ ಹಿಡಿದು ನೋಡಿದ. ನೋಡುವುದಕ್ಕೇನಿತ್ತು, ಎಲ್ಲವೂ ನೆಟ್ಟಗೇ ಇದ್ದವು. ಕಟ್ಟನ್ನು ಎತ್ತಿಕೊಂಡು ಎದ್ದು ಹೋದ.

ಮಾರನೇ ಬೆಳಿಗ್ಗೆ ತಮಟೆ ಬೆಟ್ಟದ ಕಡೆ ದೂರವಾದ ಮೇಲೆ, ಬೂದಿ ಚೆಲ್ಲಲು ಹಿತ್ತಲಿಗೆ ಹೋದ ಕೆಂಪತ್ತೆ ಬಾಗಿಲ ಮುಂದೆ ನಿಂತುಬಿಟ್ಟಿದ್ದಳು. ಬೀಗ ತೆರೆದಿತ್ತು, ಬೀಗದ ಕೈ ಅದರಲ್ಲೇ ನೇತಾಡುತ್ತಿತ್ತು.

"ನಿಮ್ ತಾತ ಮರೆತೋದ್ರೇನವ್ವ?" ಎಂದು ಹಿಂದೆಯೇ ಬಂದಿದ್ದ ನನ್ನನ್ನು ಕೇಳಿದಳು.

"ತಾತ ಏನೂ ಮರೆಯಾಕಿಲ್ಲ" ಎಂದೆ. ನಿಜವನ್ನೇ ಹೇಳಿದ್ದೆ.

ಅವಳು ಬಾಂಡಲಿಯ ಕೆಂಡಕ್ಕೆ ನೀರು ಚಿಮುಕಿಸಿ, ನನ್ನ ಕೆನ್ನೆ ಸವರಿದಳು. ಕೈಯಲ್ಲಿ ಬೆತ್ತದ ವಾಸನೆಯಿತ್ತು. ಬಾಗಿಲು ದಾಟಿದವಳು ಹಿಂತಿರುಗಿ ನೋಡಲಿಲ್ಲ.

ಸಂಜೆ ಬೇಟೆಯವರು ಬಂದಾಗ ಮನೆಯಲ್ಲಿ ಗುಲ್ಲೆದ್ದಿತು. ಅಪ್ಪ ದೊಣ್ಣೆ ಹಿಡಿದು ಬಸ್‌ಸ್ಟ್ಯಾಂಡಿಗೆ ಹೊರಟ. ತಾತ ಬಿಲ್ಲನ್ನು ಹೊಸ್ತಿಲಿಗೆ ಅಡ್ಡ ಹಿಡಿದು, ಊರ ಗಂಡಸರೆಲ್ಲರ ಎದುರಿಗೆ, "ಬುಟ್ಟ ದಾರೀಲಿ ಓಗೌಳೆ. ಯಾರೂ ಬೆನ್ನತ್ತಕೂಡ್ದು" ಎಂದ. ಅಪ್ಪ ದೊಣ್ಣೆ ಬಿಸಾಡಿ ಕೂತ.

ಅಲ್ಲಿಂದಾಚೆ ಸಿಕ್ಕಿಕೊಂಡವನು ತಾತ. ಬೇಟೆಗೆ ಹೋಗಲಿಲ್ಲ. ಅವಳು ಮಾಡಿಟ್ಟ ಬಾಣಗಳು ಮಳೆಗಾಲದ ತೇವಕ್ಕೆ ವಾಲಿದವು, ನೆಟ್ಟಗೆ ಮಾಡುವವರಿರಲಿಲ್ಲ. ಚನ್ನಪಟ್ಟಣದ ಬೊಂಬೆ ಕಾರ್ಖಾನೆಯಲ್ಲಿ ಅವಳಿದ್ದಾಳೆಂದು ಯಾರೋ ಸುದ್ದಿ ತಂದ ದಿನ ಬಿಳಿ ಪಂಚೆ ಉಟ್ಟು, ಮೆಟ್ಟು ಮೆಟ್ಟಿ, ಜಗಲಿಯವರೆಗೆ ಬಂದು ಮತ್ತೆ ಮೆಟ್ಟು ಬಿಟ್ಟ. ಬಸ್ಸಿನ ಹಾರನ್ನಿಗೆ ಈಗ ಅವನ ಕೈ ನಿಲ್ಲುತ್ತಿತ್ತು. ತಾನೇ ಆಡಿದ ಮಾತನ್ನು ದಾಟಲಾರದೆ, ಹಾಗೇ ಒಂದು ಮಳೆಗಾಲ ತೀರಿಕೊಂಡ.

ನಾನು ಮದುವೆಯಾಗಿ ಚನ್ನಪಟ್ಟಣಕ್ಕೆ ಬಂದ ಮೇಲೆ ಕೆಂಪತ್ತೆಯನ್ನು ಹುಡುಕಿದೆ. ಒಬ್ಬ ಸಾಬರ ಶೆಡ್ಡಿನಲ್ಲಿ, ತಲೆ ನರೆತ ಹೆಂಗಸೊಬ್ಬಳು ಎಡಗಣ್ಣು ಮುಚ್ಚಿ ಮರದ ಕಡ್ಡಿಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಹೆಸರು ಕೇಳಬೇಕಾಗಲಿಲ್ಲ. ತಾತ ಇಲ್ಲ ಎಂದಾಗ ಅತ್ತಳು.

"ಬಾಗ್ಲು ಕಡೀಕೇ ಮಖ ಮಾಡ್ಕಂಡು ಕುಂತಿರ್ತಿದ್ದೆ ಕಣವ್ವ. ಒಂದು ಕಿತ ಬಂದು ನೋಡ್ಕಂಡೋಯ್ತನೆ ಅಂತ."

ತಾತ ನೇಮಕ್ಕೆ ಕಟ್ಟುಬಿದ್ದದ್ದು, ಜಗಲಿಯವರೆಗೆ ಬಂದು ಮೆಟ್ಟು ಬಿಟ್ಟದ್ದು ಎಲ್ಲ ಹೇಳಿದೆ. ಅವಳು ಕಣ್ಣೊರೆಸಿಕೊಂಡು ಕಡ್ಡಿಯನ್ನು ಮತ್ತೆ ಬೆಳಕಿಗೆ ಹಿಡಿದಳು.

"ಆ ನೇಮ ಕಾಡಂದಿಗೆ ಮಾಡಿದ್ದು ಕಣವ್ವ. ನಾನು ಮಗಳು."

ಈಗ ಅವಳೂ ಇಲ್ಲ. ಹಳೇ ಮನೆಯ ಗೋಡೆ ಬಿದ್ದು, ಹಿತ್ತಲ ಬಾಗಿಲಿದ್ದ ಕಡೆ ದನ ಓಡಾಡುತ್ತವೆ. ಮೊನ್ನೆ ಬೆತ್ತದವನು, "ಏನ್ ಬೇಕಾಗಿತ್ತಮ್ಮ?" ಎಂದು ಕೇಳಿದ. ಏನೂ ಬೇಡಪ್ಪ, ಒಸಿ ಹೊತ್ತು ನಿಂತಿರ್ತೀನಿ ಎಂದೆ. ಬಸ್ಸು ಹಾರನ್ನು ಹೊಡೆಯುವವರೆಗೂ ಅಲ್ಲೇ ನಿಂತಿದ್ದೆ.